ಕಬ್ಬಿನ ಸಾಗಾಟದಲ್ಲಿ ಭಾರದ ಹಂಚಿಕೆ: ನೊಗ, ಕೊಂಡಿ ಮತ್ತು ಮುಂಗಾಲಿಗಳ ವಿಚಾರ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರಿನಿಂದ ಕಬ್ಬನ್ನು ಬೆಳೆಯುವ ಸೀಮೆಗಳಾಗಿವೆ. ಗಾಣಗಳ ಕಾಲದಿಂದಲೂ ಈ ಭಾಗದ ಬೆಲ್ಲಕ್ಕೆ ಮಹಾಲಿಂಗಪುರದ ಪೇಟೆಯು ಹೆಸರಾಗಿದೆ. ೧೯೮೯ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜನ್ನು ಕಟ್ಟಿದ ಸಂಗತಿಯು ನಾಡಿಗೆಲ್ಲ ತಿಳಿದದ್ದೇ ಇದೆ. ಹಿಪ್ಪರಗಿಯ ಬ್ಯಾರೇಜು, ಕಾಲುವೆಗಳು ಮತ್ತು ಏತ ನೀರಾವರಿಗಳಿಂದ ಕಬ್ಬಿನ ಕ್ಷೇತ್ರವು ಬೆಳೆಯಿತು; ಸಮೀರವಾಡಿ, ಹಿರೇಪಡಸಲಗಿ, ಸಿದ್ದಾಪುರ ಮೊದಲಾದ ಕಡೆಗಳಲ್ಲಿ ಸಕ್ಕರೆಯ ಕಾರ್ಖಾನೆಗಳು ಎದ್ದವು. ಹೊಲದಿಂದ ಕಾರ್ಖಾನೆಗೆ ಕಬ್ಬನ್ನು ಒಯ್ಯುವ ಕೆಲಸವು ಈಗ ಬೇಸಾಯದ ಒಂದು ದೊಡ್ಡ ಅಂಗವೇ ಆಗಿದೆ.

ಕಬ್ಬು ಕಡಿದ ಮೇಲೆ ಒಂದು ದಿನದೊಳಗೆ ಅರೆಯಲ್ಪಡಬೇಕು. ತಡವಾದಷ್ಟೂ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಸಾಗಾಟದ ಬಾಡಿಗೆಯಾದರೋ ಟನ್ನಿನ ಲೆಕ್ಕದಲ್ಲಿ ಸಿಕ್ಕುವದು. ಈ ಎರಡು ಕಾರಣಗಳಿಂದ ಒಂದೇ ಖೇಪಿಗೆ ಆದಷ್ಟು ಹೆಚ್ಚು ಹೇರಬೇಕೆಂಬ ಅವಸರವು ಹುಟ್ಟುವದು ಸಹಜವಾಗಿದೆ. ಆದರೆ ಅಕ್ಟೋಬರ ನವೆಂಬರದಿಂದ ಬೇಸಿಗೆಯ ಮೊದಲಿನ ವರೆಗೆ ನಡೆಯುವ ಈ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಮುಂಗಾಲಿಯೆತ್ತುವದು, ಟ್ರೇಲರುಗಳು ತಿರುವಿನಲ್ಲಿ ಮಗುಚುವದು, ಎತ್ತುಗಳ ಹೆಗಲು ಹುಣ್ಣಾಗುವದು ಎಂಬಿವು ರೈತರು ಕಣ್ಣಾರೆ ಕಂಡ ಸಂಗತಿಗಳೇ ಆಗಿವೆ. ಇವೆಲ್ಲವುಗಳಿಗೂ ಹೇರಿದ ಭಾರದ ಮೊತ್ತವೊಂದೇ ಕಾರಣವೆಂದು ಜನರು ತಿಳಿಯುತ್ತಾರೆ. ಮೊತ್ತವು ಕಾರಣವೇ ಹೌದು. ಆದರೆ ಅಷ್ಟೇ ಮಹತ್ವದ ಇನ್ನೊಂದು ಕಾರಣವುಂಟು. ಅದು ಭಾರವು ಎಲ್ಲಿ ಕುಳಿತಿದೆ ಎಂಬದು. ಅದೇ ಭಾರವು ಸರಿಯಾದ ಸ್ಥಳದಲ್ಲಿದ್ದರೆ ಸುಖವಾಗಿ ಮನೆ ಮುಟ್ಟುವದು. ತಪ್ಪು ಸ್ಥಳದಲ್ಲಿದ್ದರೆ ಪ್ರಾಣಕ್ಕೆ ಎರವಾಗುವದು. ಈ ವಿಷಯವನ್ನು ಗ್ರಾಮದ ಮುಖಂಡರೂ ಭೂಮಾಲಿಕರೂ ಚೆನ್ನಾಗಿ ಅರಿತು, ತಮ್ಮ ಊರಿನ ಚಾಲಕರಿಗೂ ಗಾಡಿಯವರಿಗೂ ತಿಳಿಸಿಕೊಡುವದು ಅವಶ್ಯವಾಗಿದೆ.

೧. ಚಕ್ಕಡಿಯಿಂದ ಕಲಿಯತಕ್ಕ ಪಾಠ

ಭಾರದ ಹಂಚಿಕೆಯ ಶಾಸ್ತ್ರವು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬುದ್ಧಿವಂತನಾದ ಗಾಡಿಯವನು ಹೇರಿದ ಕೂಡಲೆ ನೊಗವನ್ನು ಕೈಯಿಂದ ಎತ್ತಿ ನೋಡುತ್ತಾನೆ. ನೊಗವು ಬಹಳ ಜಗ್ಗಿದರೆ ಗಾಡಿಯು ಮುಂಭಾರವಾಯಿತು. ತಾನಾಗಿಯೇ ಮೇಲಕ್ಕೆದ್ದರೆ ಹಿಂಭಾರವಾಯಿತು. ಮುಂಭಾರವಾದರೆ ಎತ್ತಿನ ಹೆಗಲು ನೋಯುವದು. ಹಿಂಭಾರವಾದರೆ ನೊಗವು ಮೇಲೆದ್ದು ಜತ್ತಿಗೆಯು ಎತ್ತಿನ ಗಂಟಲನ್ನು ಬಿಗಿಯುವದು. ಆದುದರಿಂದ ಅವನು ಒಂದೆರಡು ಹೊರೆಗಳನ್ನು ಹಿಂದೆ ಮುಂದೆ ಸರಿಸಿ, ನೊಗದ ಮೇಲೆ ಅಲ್ಪ ಭಾರವು ಮಾತ್ರ ನಿಲ್ಲುವಂತೆ ಮಾಡುತ್ತಾನೆ.

ಇದರ ಲೆಕ್ಕವು ಸುಲಭವಾಗಿದೆ. ಒಂದು ಟೈರಿನ ಗಾಡಿಯಲ್ಲಿ ೧,೫೦೦ ಕಿಲೋಗ್ರಾಂ ಭಾರವಿದೆಯೆಂದೂ, ಅಚ್ಚಿನಿಂದ ನೊಗಕ್ಕೆ ೩ ಮೀಟರು ದೂರವಿದೆಯೆಂದೂ ಇಟ್ಟುಕೊಳ್ಳೋಣ. ಭಾರದ ನಡುವು ಅಚ್ಚಿಗಿಂತ ೧೦ ಸೆಂಟಿಮೀಟರು ಮುಂದಿದ್ದರೆ ನೊಗದ ಮೇಲೆ ೫೦ ಕಿಲೋಗ್ರಾಂ ಬೀಳುವದು. ಅದೇ ೩೦ ಸೆಂಟಿಮೀಟರು ಮುಂದಾದರೆ ನೊಗದ ಮೇಲೆ ೧೫೦ ಕಿಲೋಗ್ರಾಂ ಬೀಳುವದು. ಗಾಡಿಯ ಒಟ್ಟು ಭಾರವು ಒಂದು ಗುಂಜಿಯೂ ಹೆಚ್ಚಲಿಲ್ಲ. ಒಂದು ಗೇಣಿನಷ್ಟು ಸ್ಥಳ ಬದಲಾದುದಕ್ಕೆ ಎತ್ತುಗಳ ಹೆಗಲಿನ ಭಾರವು ಮೂರು ಪಟ್ಟು ಆಯಿತು.

ಎತ್ತರದ ವಿಚಾರವೂ ಇಲ್ಲಿಯೇ ಬರುತ್ತದೆ. ಹೊರೆಯ ನಡುವು ಅಚ್ಚಿನಿಂದ ೧.೨ ಮೀಟರು ಮೇಲಿದ್ದು, ಗಾಡಿಯು ೧೦ ಮೀಟರಿಗೆ ೧ ಮೀಟರು ಏರುವ ದಿನ್ನೆಯನ್ನು ಹತ್ತಿದರೆ, ಭಾರದ ನಡುವು ಸುಮಾರು ೧೨ ಸೆಂಟಿಮೀಟರು ಹಿಂದಕ್ಕೆ ವಾಲುವದು. ಸಪಾಟು ನೆಲದ ಮೇಲೆ ನೊಗದ ಮೇಲಿದ್ದ ೫೦ ಕಿಲೋಗ್ರಾಂ ಹೋಗಿ, ನೊಗವೇ ೧೦ ಕಿಲೋಗ್ರಾಂ ಬಲದಿಂದ ಮೇಲಕ್ಕೆ ಏಳುವದು. ಎತ್ತುಗಳು ತಮ್ಮ ಪೂರ್ಣ ಶಕ್ತಿಯಿಂದ ಎಳೆಯಬೇಕಾದ ಏರಿನಲ್ಲಿಯೇ ಅವುಗಳ ಕುತ್ತಿಗೆ ಬಿಗಿಯುವದು. ಹೊರೆಯ ನಡುವು ೬೦ ಸೆಂಟಿಮೀಟರು ಮಾತ್ರ ಮೇಲಿದ್ದರೆ ಈ ವ್ಯತ್ಯಾಸವು ಅರ್ಧಕ್ಕೆ ಇಳಿಯುವದು. ತಗ್ಗಾಗಿ ಹೇರಿದ ಗಾಡಿಯು ಏರಿನಲ್ಲಿಯೂ ಇಳುಕಲಿನಲ್ಲಿಯೂ ತನ್ನ ತೂಕವನ್ನು ಕಾದುಕೊಳ್ಳುವದೆಂಬ ಅನುಭವಕ್ಕೆ ಇದೇ ಕಾರಣವಾಗಿದೆ.

ಗಾಡಿಯ ಎತ್ತುಗಳ ವಿಷಯವಾಗಿ ಕಾಯಿದೆಯ ಕಟ್ಟಳೆಗಳೂ ಉಂಟೆಂಬದನ್ನು ಮರೆಯಲಾಗದು. ೧೯೬೫ರ ಕೇಂದ್ರ ನಿಯಮಗಳ ಪ್ರಕಾರ ಎಳೆಯುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು ೯ ತಾಸಿಗಿಂತ ಹೆಚ್ಚು ದುಡಿಸತಕ್ಕದ್ದಲ್ಲ. ವಿಶ್ರಾಂತಿಯಿಲ್ಲದೆ ಒಂದೇ ಸವನೆ ೫ ತಾಸಿಗಿಂತ ಹೆಚ್ಚು ಹೂಡತಕ್ಕದ್ದಲ್ಲ. ಉಷ್ಣಮಾನವು ೩೭ ಅಂಶಗಳನ್ನು ಮೀರುವ ಕಡೆ ಮಧ್ಯಾಹ್ನ ೧೨ರಿಂದ ೩ರ ವರೆಗೆ ಗಾಡಿಗೆ ಕಟ್ಟತಕ್ಕದ್ದಲ್ಲ. ಹಂಗಾಮಿನ ಕೊನೆಯ ವಾರಗಳಲ್ಲಿ ಈ ಮೂರನೆಯ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ.

೨. ಟ್ರ್ಯಾಕ್ಟರಿನ ಕೊಂಡಿಯ ಮೇಲಿನ ಭಾರ

ಚಕ್ಕಡಿಯಲ್ಲಿ ಎತ್ತಿನ ಹೆಗಲು ಯಾವ ಕೆಲಸ ಮಾಡುವದೋ ಟ್ರ್ಯಾಕ್ಟರಿನಲ್ಲಿ ಹಿಂದಿನ ಕೊಂಡಿಯು ಅದೇ ಕೆಲಸ ಮಾಡುತ್ತದೆ. ಎರಡು ಗಾಲಿಗಳ, ಅಂದರೆ ಒಂದೇ ಅಚ್ಚಿನ ಟ್ರೇಲರಿನ ಮೂಕಿಯು ಈ ಕೊಂಡಿಯ ಮೇಲೆ ಕುಳಿತು ಅದನ್ನು ಕೆಳಕ್ಕೆ ಒತ್ತುವದು. ಈ ಒತ್ತುವ ತೂಕವನ್ನು ಕೊಂಡಿಭಾರವೆಂದು ಕರೆಯಬಹುದು. ನಾಲ್ಕು ಗಾಲಿಗಳುಳ್ಳ, ಮುಂದಿನ ಅಚ್ಚು ತಿರುಗುವ ಟ್ರೇಲರಿನಲ್ಲಿ ಭಾರವೆಲ್ಲ ಅದರ ಸ್ವಂತ ಗಾಲಿಗಳ ಮೇಲೆಯೇ ನಿಲ್ಲುವದರಿಂದ ಕೊಂಡಿಭಾರವು ಬಹು ಕಡಿಮೆ. ಆದುದರಿಂದ ಮುಂದಿನ ಮಾತುಗಳು ಮುಖ್ಯವಾಗಿ ಒಂದಚ್ಚಿನ ಟ್ರೇಲರುಗಳಿಗೆ ಸಂಬಂಧಿಸಿವೆ.

ಉದಾಹರಣೆಗಾಗಿ ೨,೦೦೦ ಕಿಲೋಗ್ರಾಂ ತೂಕದ ಒಂದು ಟ್ರ್ಯಾಕ್ಟರನ್ನು ತೆಗೆದುಕೊಳ್ಳೋಣ. ಬರಿದಾಗಿ ನಿಂತಾಗ ಮುಂಗಾಲಿಗಳ ಮೇಲೆ ೮೦೦, ಹಿಂಗಾಲಿಗಳ ಮೇಲೆ ೧,೨೦೦ ಕಿಲೋಗ್ರಾಂ ಇರುವದು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ೨ ಮೀಟರು ಅಂತರ. ಕೊಂಡಿಯು ಹಿಂದಿನ ಅಚ್ಚಿಗಿಂತ ೭೦ ಸೆಂಟಿಮೀಟರು ಹಿಂದೆ ಇದೆ. ಈಗ ಕೊಂಡಿಯ ಮೇಲೆ ೬೦೦ ಕಿಲೋಗ್ರಾಂ ಬಿದ್ದರೆ, ಹಿಂದಿನ ಅಚ್ಚು ಸನ್ನೆಗೋಲಿನ ಊರೆಯಂತಾಗಿ, ಮುಂಗಾಲಿಗಳ ಮೇಲಿಂದ ೨೧೦ ಕಿಲೋಗ್ರಾಂ ಎತ್ತಲ್ಪಡುವದು. ಮುಂದೆ ಉಳಿಯುವದು ೫೯೦. ಹಿಂದೆ ಬೀಳುವದು ೨,೦೧೦. ಕೊಂಡಿಯ ಮೇಲೆ ಇಟ್ಟದ್ದು ೬೦೦ ಮಾತ್ರವಾದರೂ ಹಿಂಗಾಲಿಗಳಿಗೆ ೮೧೦ ಹೆಚ್ಚಾಯಿತೆಂಬದನ್ನು ವಾಚಕರು ಗಮನಿಸಬೇಕು.

ಇಷ್ಟು ನಿಂತಲ್ಲಿಯ ಮಾತಾಯಿತು. ಎಳೆಯಲಾರಂಭಿಸಿದಾಗ ಇನ್ನೊಂದು ಬಲವು ಸೇರುತ್ತದೆ. ಕಬ್ಬು ತುಂಬಿದ ಎರಡು ಟ್ರೇಲರುಗಳು ಸೇರಿ ೧೦ ಟನ್ನು ಇದ್ದು, ಹೊಲದಿಂದ ರಸ್ತೆಗೆ ೨೦ ಮೀಟರಿಗೆ ೧ ಮೀಟರು ಏರುವ ಮಣ್ಣಿನ ದಾರಿಯಿದ್ದರೆ, ಏರಿಗಾಗಿ ೫೦೦, ಮಣ್ಣಿನಲ್ಲಿ ಗಾಲಿ ಉರುಳುವ ತಡೆಗಾಗಿ ಸುಮಾರು ೪೦೦, ಒಟ್ಟು ೯೦೦ ಕಿಲೋಗ್ರಾಂ ಜಗ್ಗು ಬೇಕಾಗುವದು. ಕೊಂಡಿಯು ನೆಲದಿಂದ ೫೦ ಸೆಂಟಿಮೀಟರು ಎತ್ತರದಲ್ಲಿದ್ದರೆ ಈ ಜಗ್ಗಿನಿಂದ ಮುಂಗಾಲಿಗಳ ಮೇಲಿನ ಭಾರವು ಮತ್ತೆ ೨೨೫ ಕಿಲೋಗ್ರಾಂ ಇಳಿಯುವದು. ಈಗ ಮುಂದೆ ಉಳಿದದ್ದು ೩೬೫ ಮಾತ್ರ.

ಟ್ರ್ಯಾಕ್ಟರು ಚಾಲಕನ ಕೈಯಲ್ಲಿ ಸರಿಯಾಗಿ ತಿರುಗಬೇಕಾದರೆ ಅದರ ತೂಕದಲ್ಲಿ ಐದರಲ್ಲೊಂದು ಭಾಗವಾದರೂ ಮುಂಗಾಲಿಗಳ ಮೇಲೆ ಇರಬೇಕೆಂಬದು ಯಂತ್ರಶಾಸ್ತ್ರಜ್ಞರ ಸಾಮಾನ್ಯ ನಿಯಮವಾಗಿದೆ. ಈ ಟ್ರ್ಯಾಕ್ಟರಿಗೆ ಆ ಮೇರೆಯು ೪೦೦ ಕಿಲೋಗ್ರಾಂ. ಆದುದರಿಂದ ಮೇಲಿನ ಚಾಲಕನು ರಸ್ತೆಯ ಅಂಚಿಗೆ ಬಂದು ಚಕ್ರವನ್ನು ತಿರುಗಿಸಿದಾಗ ಮುಂಗಾಲಿಗಳು ತಿರುಗಿದರೂ ಟ್ರ್ಯಾಕ್ಟರು ನೇರವಾಗಿಯೇ ಹೋಗುವ ಭಯವುಂಟು. ಏರಿನಲ್ಲಿ ಟ್ರ್ಯಾಕ್ಟರಿನ ಸ್ವಂತ ತೂಕವೂ ಹಿಂದಕ್ಕೆ ವಾಲುವದರಿಂದ ನಿಜವಾದ ಅಂಕಿಯು ಇನ್ನೂ ಕಡಿಮೆಯೇ. ಇಲ್ಲಿ ಹಿಡಿದ ೧೦ ಟನ್ನಿನ ಭಾರವು ಸಾಧಾರಣವಾದದ್ದು. ಹಂಗಾಮಿನಲ್ಲಿ ಇದನ್ನು ಮೀರಿ ಹೇರುವದುಂಟು.

ಕೊಂಡಿಯ ಎತ್ತರವು ಎಷ್ಟು ಅಪಾಯಕಾರಿಯೆಂಬದನ್ನೂ ಇದೇ ಲೆಕ್ಕವು ತೋರಿಸುತ್ತದೆ. ಕೆಲವರು ಎರಿ ಹೊಲದ ಕೆಸರಿನಲ್ಲಿ ಸಿಕ್ಕ ಟ್ರೇಲರನ್ನು ಜಗ್ಗುವಾಗ ಸರಪಳಿಯನ್ನು ಕೊಂಡಿಗೆ ಹಾಕದೆ ಮೇಲಿನ ತೋಳಿಗೆ ಹಾಕುತ್ತಾರೆ. ಆ ಸ್ಥಳವು ನೆಲದಿಂದ ೧ ಮೀಟರು ಎತ್ತರದಲ್ಲಿದ್ದರೆ, ಅದೇ ೯೦೦ ಕಿಲೋಗ್ರಾಂ ಜಗ್ಗಿಗೆ ಮುಂಗಾಲಿಗಳಿಂದ ೪೫೦ ಕಿಲೋಗ್ರಾಂ ಎತ್ತಲ್ಪಡುವದು. ಚಾಲಕನು ಗಾಬರಿಯಿಂದ ಕ್ಲಚ್ಚನ್ನು ಒಮ್ಮೆಲೆ ಬಿಟ್ಟನೆಂದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚುವದಕ್ಕೆ ಸುಮಾರು ಒಂದೂವರೆ ಸೆಕೆಂಡು ಸಾಕು. ಅಷ್ಟರಲ್ಲಿ ಯಾವ ಚತುರನೂ ಕೆಳಗೆ ಜಿಗಿಯಲಾರನು. ಸಿಕ್ಕಿಕೊಂಡ ಹಿಂಗಾಲಿಗಳ ಮುಂದೆ ಮರದ ತುಂಡನ್ನು ಕಟ್ಟಿ ಮುಂದಕ್ಕೆ ನಡೆಸುವ ರೂಢಿಯೂ ಇಂಥದೇ ಘಾತಕ್ಕೆ ದಾರಿಯಾಗಿದೆ. ಗಾಲಿಯು ತಿರುಗಲಾರದೆ ನಿಂತಾಗ ಟ್ರ್ಯಾಕ್ಟರಿನ ದೇಹವೇ ಅಚ್ಚಿನ ಸುತ್ತ ಏಳುವದು.

೩. ಪರದೇಶಗಳ ಒಂದು ಉಪಾಯ, ಮತ್ತು ಅದರ ಮಿತಿ

ಹಿಂದೆ ಭಾರ ಬಿದ್ದು ಮುಂದೆ ಹಗುರವಾಗುವ ಈ ತೊಡಕು ನಮ್ಮ ಸೀಮೆಗಷ್ಟೇ ಬಂದದ್ದಲ್ಲ. ಅಮೇರಿಕೆಯಲ್ಲಿ ಅನೇಕ ಕುಟುಂಬಗಳು ಮಲಗುವ ಕೋಣೆ, ಅಡಿಗೆಯ ಸ್ಥಳ ಮೊದಲಾದುವುಗಳುಳ್ಳ ದೊಡ್ಡ ಪ್ರವಾಸಿ ಟ್ರೇಲರನ್ನು ತಮ್ಮ ಮೋಟಾರಿಗೆ ಕಟ್ಟಿಕೊಂಡು ಸಂಚರಿಸುತ್ತವೆ. ಅಲ್ಲಿಯೂ ಟ್ರೇಲರಿನ ಮೂಕಿಯು ಮೋಟಾರಿನ ಹಿಂಭಾಗವನ್ನು ಒತ್ತಿ, ಮುಂಭಾಗವನ್ನು ಎತ್ತುತ್ತದೆ. ತಿರುಗಿಸುವ ಹಿಡಿತ ಕಡಿಮೆಯಾಗುತ್ತದೆ. ಮುಂಗಾಲಿಗಳ ಬ್ರೇಕು ಪೂರ್ಣವಾಗಿ ಹಿಡಿಯುವದಿಲ್ಲ. ದೀಪಗಳು ಆಕಾಶವನ್ನು ನೋಡುತ್ತವೆ.

ಇದಕ್ಕಾಗಿ ಅವರು ಭಾರ ಹಂಚುವ ಕೊಂಡಿ ಎಂಬ ಸಾಧನವನ್ನು ಉಪಯೋಗಿಸುತ್ತಾರೆ. ಕೊಂಡಿಯಿಂದ ಎರಡು ಗಟ್ಟಿಯಾದ ಸ್ಪ್ರಿಂಗು ಸಲಾಕೆಗಳು ಹಿಂದಕ್ಕೆ ಚಾಚಿ ಟ್ರೇಲರಿನ ಮೂಕಿಯ ಚೌಕಟ್ಟಿಗೆ ಸರಪಳಿಗಳಿಂದ ಬಿಗಿಯಲ್ಪಟ್ಟಿರುತ್ತವೆ. ಒಂದು ಗಾಲಿಯ ಕೈಗಾಡಿಯನ್ನು ನೂಕುವ ಕೂಲಿಯು ಅದರ ಹಿಡಿಗಳನ್ನು ಎತ್ತಿದಾಗ ಭಾರವು ಮುಂದಿನ ಗಾಲಿಯ ಮೇಲೆ ಹೋಗುವಂತೆ, ಈ ಸಲಾಕೆಗಳನ್ನು ಮೇಲಕ್ಕೆ ಬಿಗಿದಾಗ ಮೋಟಾರಿನ ಹಿಂಭಾಗದ ಭಾರದಲ್ಲಿ ಸ್ವಲ್ಪವು ಮೋಟಾರಿನ ಮುಂಗಾಲಿಗಳಿಗೂ ಸ್ವಲ್ಪವು ಟ್ರೇಲರಿನ ಗಾಲಿಗಳಿಗೂ ಹಂಚಿಹೋಗುತ್ತದೆ. ಈ ಬಗೆಯ ಟ್ರೇಲರುಗಳಲ್ಲಿ ಒಟ್ಟು ತೂಕದ ೧೦ರಿಂದ ೧೫ನೇ ಪ್ರತಿಶತವು ಕೊಂಡಿಯ ಮೇಲಿರಬೇಕೆಂದು ಅಲ್ಲಿಯ ಸಾಮಾನ್ಯ ನಿಯಮವಿದೆ. ಅದಕ್ಕಿಂತ ಬಹಳ ಕಡಿಮೆಯಾದರೆ ಟ್ರೇಲರು ಹಾವಿನಂತೆ ಎಡಕ್ಕೂ ಬಲಕ್ಕೂ ಬಳುಕಲಾರಂಭಿಸುತ್ತದೆ. ಅಂದರೆ ಕೊಂಡಿಭಾರವು ಹೆಚ್ಚಾಗಿರುವದೂ ಕೆಡಕು, ಬರಿದಾಗಿರುವದೂ ಕೆಡಕು.

ಈ ಸಾಧನದಿಂದ ಟ್ರೇಲರಿನ ತೂಕವು ಕಡಿಮೆಯಾಗುವದಿಲ್ಲ; ಹೊರಬಹುದಾದ ಭಾರದ ಮೇರೆಯೂ ಏರುವದಿಲ್ಲ; ಇದ್ದ ಭಾರವು ಮಾತ್ರ ಸರಿಯಾಗಿ ಹಂಚಲ್ಪಡುವದು. ಮೋಟಾರುಗಳಿಗಾಗಿ ಮಾಡಿದ ಈ ಸಲಾಕೆಗಳನ್ನು ನಕಲು ಮಾಡಿ ಊರಿನ ಬೆಸುಗೆ ಅಂಗಡಿಯಲ್ಲಿ ಟ್ರ್ಯಾಕ್ಟರಿಗೆ ಜೋಡಿಸಲು ಯಾರೂ ಹೋಗತಕ್ಕದ್ದಲ್ಲ. ಹೊಲದ ಉಬ್ಬು ತಗ್ಗುಗಳಲ್ಲಿ ಕೊಂಡಿಯು ಎಲ್ಲ ಕಡೆಗೂ ಹೊರಳಬೇಕಾಗುತ್ತದೆ. ಅಲ್ಲಿ ಬಿಗಿದ ಸಲಾಕೆಯು ಮುರಿಯುವದು, ಇಲ್ಲವೆ ಕೊಂಡಿಯನ್ನೇ ಮುರಿಯುವದು. ನಮಗೆ ಬೇಕಾದದ್ದು ಆ ಸಾಧನವಲ್ಲ, ಅದರ ಹಿಂದಿನ ತತ್ವವು. ಅದೇ ತತ್ವವನ್ನು ಸಾಧಿಸಲು ಟ್ರ್ಯಾಕ್ಟರಿಗೆ ಬೇರೆ ಸುಲಭ ಮಾರ್ಗಗಳಿವೆ.

೪. ಕಾಟಾದ ಮೇಲೆ ಪರೀಕ್ಷಿಸುವ ರೀತಿ

ಕಣ್ಣಂದಾಜಿನಿಂದ ಕೊಂಡಿಭಾರವನ್ನು ತಿಳಿಯಲಾಗದು. ಆದರೆ ಈ ನಾಲ್ಕು ತಾಲೂಕುಗಳಲ್ಲಿ ವಾಹನ ತೂಗುವ ಕಾಟಾಗಳಿಗೆ ಕೊರತೆಯಿಲ್ಲ. ಹಂಗಾಮಿನ ಮೊದಲ ವಾರದಲ್ಲಿ ಪ್ರತಿಯೊಂದು ಟ್ರ್ಯಾಕ್ಟರನ್ನೂ ಒಮ್ಮೆ ಹೀಗೆ ತೂಗಿಸಿದರೆ ಸಾಕು.

ಮೊದಲನೆಯದಾಗಿ, ಟ್ರೇಲರಿಲ್ಲದ ಬರಿ ಟ್ರ್ಯಾಕ್ಟರನ್ನು ಚಾಲಕನ ಸಹಿತ ಪೂರ್ಣವಾಗಿ ತೂಗಿ ಬರೆದುಕೊಳ್ಳಬೇಕು. ಎರಡನೆಯದಾಗಿ, ಅದರ ಮುಂಗಾಲಿಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಗಬೇಕು. ಮೂರನೆಯದಾಗಿ, ಎಂದಿನಂತೆ ಕಬ್ಬು ಹೇರಿದ ಟ್ರೇಲರುಗಳನ್ನು ಕಟ್ಟಿಕೊಂಡು ಬಂದು, ಟ್ರ್ಯಾಕ್ಟರಿನ ನಾಲ್ಕು ಗಾಲಿಗಳು ಕಾಟಾದ ಮೇಲೂ ಟ್ರೇಲರಿನ ಗಾಲಿಗಳು ಹೊರಗಿನ ಸಪಾಟು ನೆಲದ ಮೇಲೂ ಇರುವಂತೆ ನಿಲ್ಲಿಸಿ ತೂಗಬೇಕು. ಇದರಲ್ಲಿ ಮೊದಲಿನ ತೂಕವನ್ನು ಕಳೆದರೆ ಉಳಿಯುವದೇ ಕೊಂಡಿಭಾರ. ನಾಲ್ಕನೆಯದಾಗಿ, ಭಾರ ಕಟ್ಟಿದ ಸ್ಥಿತಿಯಲ್ಲಿಯೇ ಮುಂಗಾಲಿಗಳನ್ನು ಮಾತ್ರ ಮತ್ತೊಮ್ಮೆ ತೂಗಬೇಕು. ಎರಡನೆಯ ಮತ್ತು ನಾಲ್ಕನೆಯ ಅಂಕಿಗಳ ಅಂತರವು ಮುಂಗಾಲಿಗಳಿಂದ ಎಷ್ಟು ಭಾರ ಎತ್ತಲ್ಪಟ್ಟಿತೆಂಬದನ್ನು ತೋರಿಸುವದು.

ಹೀಗೆ ಬಂದ ಕೊಂಡಿಭಾರವನ್ನು ಟ್ರ್ಯಾಕ್ಟರು ತಯಾರಿಸಿದವರು ಕೊಟ್ಟ ಪುಸ್ತಿಕೆಯಲ್ಲಿಯ ಮೇರೆಯೊಡನೆ ಹೋಲಿಸಬೇಕು, ಅದನ್ನು ಮೀರತಕ್ಕದ್ದಲ್ಲ. ಮುಂಗಾಲಿಗಳ ಭಾರವು ನಿಂತಲ್ಲಿಯೇ ಐದರಲ್ಲೊಂದಕ್ಕೆ ಇಳಿದಿದ್ದರೆ ಆ ಹೊರೆಯೊಡನೆ ರಸ್ತೆಗೆ ಹೋಗಲೇಬಾರದು. ಐದರಲ್ಲೊಂದಕ್ಕಿಂತ ಸ್ವಲ್ಪವೇ ಮೇಲಿದ್ದರೂ ಏರಿನಲ್ಲಿ ಅದು ಸಾಲುವದಿಲ್ಲವೆಂಬದನ್ನು ಮೇಲಿನ ಉದಾಹರಣೆಯು ತೋರಿಸಿದೆ. ಆ ಟ್ರ್ಯಾಕ್ಟರಿಗೆ ೨೦ಕ್ಕೆ ೧ರ ಏರನ್ನು ಹತ್ತಲು ನಿಂತಲ್ಲಿ ೬೨೫ ಕಿಲೋಗ್ರಾಮಾದರೂ ಮುಂದೆ ಇರಬೇಕಾಗಿತ್ತು, ಇದ್ದದ್ದು ೫೯೦.

೫. ಸರಿಪಡಿಸುವ ಮಾರ್ಗಗಳು

ಕೊಂಡಿಭಾರವನ್ನು ತಗ್ಗಿಸುವದು ಮೊದಲಿನ ಮಾರ್ಗ. ಕಬ್ಬಿನ ಗಳವು ಬುಡದಲ್ಲಿ ಭಾರ, ತುದಿಯಲ್ಲಿ ಹಗುರ. ಉದ್ದಕ್ಕೆ ಹೇರುವಾಗ ಎಲ್ಲ ಬುಡಗಳನ್ನೂ ಮುಂದಕ್ಕೆ ಮಾಡಿ ಹೇರಿದರೆ ಟ್ರೇಲರು ತಾನಾಗಿಯೇ ಮುಂಭಾರವಾಗುವದು. ಎಲ್ಲವನ್ನೂ ಹಿಂದಕ್ಕೆ ಮಾಡಿದರೆ ಹಿಂಭಾರವಾಗುವದು. ಹೊರೆಗಳನ್ನು ಬುಡ ತುದಿ ಬದಲಿಸುತ್ತ, ಅಚ್ಚಿನ ಮೇಲಿಂದ ಮೊದಲು ಮಾಡಿ ಎರಡೂ ಕಡೆಗೆ ಸಮನಾಗಿ ಹೇರುತ್ತ ಹೋಗುವದು ಒಳ್ಳೆಯ ಪದ್ಧತಿ. ಮೇಲಿನ ಉದಾಹರಣೆಯಲ್ಲಿ ಕೊಂಡಿಭಾರವನ್ನು ೬೦೦ರಿಂದ ೪೦೦ಕ್ಕೆ ಇಳಿಸಿದರೆ ಮುಂಗಾಲಿಗಳ ಮೇಲೆ ನಿಂತಲ್ಲಿ ೬೬೦, ಏರಿನಲ್ಲಿ ೪೩೫ ಕಿಲೋಗ್ರಾಂ ಉಳಿಯುವದು. ಅದೇ ೧೦ ಟನ್ನು, ಅದೇ ದಾರಿ, ಆದರೆ ಚಕ್ರವು ಚಾಲಕನ ಮಾತು ಕೇಳುವದು.

ಟ್ರ್ಯಾಕ್ಟರಿನ ಮೂತಿಗೆ ತಯಾರಕರೇ ಕೊಡುವ ಎರಕದ ತೂಕಗಳನ್ನು ಹಾಕುವದು ಎರಡನೆಯ ಮಾರ್ಗ. ಮುಂದಿನ ಅಚ್ಚಿಗಿಂತ ೬೦ ಸೆಂಟಿಮೀಟರು ಮುಂದೆ ೧೦೦ ಕಿಲೋಗ್ರಾಂ ತೂಕ ಹಾಕಿದರೆ ಮುಂಗಾಲಿಗಳಿಗೆ ೧೩೦ ಕಿಲೋಗ್ರಾಂ ಸೇರುವದು. ಹಿಂಗಾಲಿಗಳಿಂದ ೩೦ ಇಳಿಯುವದು. ತೂಕಗಳಿಗೂ ಮೇರೆಯುಂಟು, ಅದು ಪುಸ್ತಿಕೆಯಲ್ಲಿರುತ್ತದೆ. ಕಲ್ಲುಗಳನ್ನೂ ಉಸುಕಿನ ಚೀಲಗಳನ್ನೂ ಹಗ್ಗದಿಂದ ಕಟ್ಟುವದು ಸರಿಯಲ್ಲ. ಅವು ಬಿದ್ದರೆ ಮುಂಗಾಲಿಗಳ ಅಡಿಯಲ್ಲಿಯೇ ಬೀಳುತ್ತವೆ.

ಮೂರನೆಯದಾಗಿ, ಟ್ರೇಲರನ್ನು ಯಾವಾಗಲೂ ಅದಕ್ಕಾಗಿಯೇ ಇರುವ ಕೊಂಡಿಗೆ ಮಾತ್ರ ಜೋಡಿಸಬೇಕು. ಕೊಂಡಿಯ ಪಿನ್ನಿಗೆ ಕೆಳಗೆ ಕಡಾಣಿಯಿಲ್ಲದೆ ಹೊರಡಬಾರದು. ಅದರ ಜೊತೆಗೆ ಒಂದು ಗಟ್ಟಿ ಸರಪಳಿಯನ್ನೂ ಹಾಕಿರಬೇಕು. ಪಿನ್ನು ಮುರಿದರೂ ಟ್ರೇಲರು ದಾರಿಯ ಪಾಲಾಗದಂತೆ ಆ ಸರಪಳಿಯು ಹಿಡಿಯುವದು.

೬. ಎರಡನೆಯ ಟ್ರೇಲರಿನ ವಿಚಾರ

ಒಂದರ ಹಿಂದೊಂದು ಎರಡು ಟ್ರೇಲರುಗಳನ್ನು ಕಟ್ಟುವ ರೂಢಿಯಲ್ಲಿ ಒಂದು ಗುಪ್ತ ತೊಡಕು ಅಡಗಿದೆ. ಹಿಂದಿನ ಒಂದಚ್ಚಿನ ಟ್ರೇಲರಿನ ಮೂಕಿಯು ಮುಂದಿನ ಟ್ರೇಲರಿನ ಬಾಲವನ್ನು ಒತ್ತುವದು. ಬಾಲ ಒತ್ತಲ್ಪಟ್ಟರೆ ಮುಂದಿನ ಟ್ರೇಲರಿನ ಮೂಕಿಯು ಮೇಲಕ್ಕೆ ಏಳಲು ನೋಡುವದು. ಮುಂದಿನ ಟ್ರೇಲರಿನ ಕೊಂಡಿಭಾರವು ತಾನೊಂದೇ ಇದ್ದಾಗ ೮೦೦ ಕಿಲೋಗ್ರಾಂ ಇದ್ದು, ಹಿಂದಿನದರ ಮೂಕಿಯ ಭಾರ ೪೦೦ ಇದ್ದು, ಮುಂದಿನದರ ಬಾಲದ ಕೊಂಡಿಯು ಅಚ್ಚಿನಿಂದ ೧.೮ ಮೀಟರು ಹಿಂದೆಯೂ ಮೂಕಿಯ ತುದಿಯು ೩.೬ ಮೀಟರು ಮುಂದೆಯೂ ಇದ್ದರೆ, ಟ್ರ್ಯಾಕ್ಟರಿನ ಕೊಂಡಿಯ ಮೇಲಿಂದ ೨೦೦ ಇಳಿದು ೬೦೦ ಉಳಿಯುವದು.

ಈಗ ಕಾರ್ಖಾನೆಯ ಅಂಗಳದಲ್ಲಿ ಮುಂದಿನ ಟ್ರೇಲರನ್ನು ಮೊದಲು ಖಾಲಿ ಮಾಡಿದರೆಂದು ತಿಳಿಯಿರಿ. ಖಾಲಿ ಟ್ರೇಲರಿನ ಸ್ವಂತ ಕೊಂಡಿಭಾರವು ೧೦೦ ಇದ್ದರೆ, ಹಿಂದಿನದು ಎತ್ತುವ ೨೦೦ ಅದನ್ನು ಗೆದ್ದು, ಮೂಕಿಯು ೧೦೦ ಕಿಲೋಗ್ರಾಂ ಬಲದಿಂದ ಟ್ರ್ಯಾಕ್ಟರಿನ ಹಿಂಭಾಗವನ್ನೇ ಮೇಲಕ್ಕೆ ಎತ್ತುವದು. ಹಿಂಗಾಲಿಗಳ ಹಿಡಿತವೂ ಬ್ರೇಕಿನ ಹಿಡಿತವೂ ಆ ಗಳಿಗೆಯಲ್ಲಿ ಕುಗ್ಗುತ್ತವೆ. ಆ ಹೊತ್ತಿನಲ್ಲಿ ಪಿನ್ನು ತೆಗೆಯಲು ನಡುವೆ ನಿಂತ ಮನುಷ್ಯನ ಎದೆಗೆ ಮೂಕಿಯು ಬಡಿಯುವದು. ಆದುದರಿಂದ ಹಿಂದಿನ ಟ್ರೇಲರನ್ನು ಮೊದಲು ಇಳಿಸಿ, ಮುಂದಿನದನ್ನು ಆಮೇಲೆ ಇಳಿಸತಕ್ಕದ್ದು. ಹೇರುವಾಗ ಇದಕ್ಕೆ ವಿರುದ್ಧವಾಗಿ ಮುಂದಿನದನ್ನು ಮೊದಲು ಹೇರತಕ್ಕದ್ದು. ಎರಡರಲ್ಲಿ ಭಾರವಾದದ್ದು ಯಾವಾಗಲೂ ಮುಂದಿರಬೇಕು, ಹಗುರಾದದ್ದು ಹಿಂದಿರಬೇಕು. ಹಿಂದಿನದು ಭಾರವಾದರೆ ಇಳುಕಲಿನಲ್ಲಿ ಅದು ಮುಂದಿನದನ್ನು ನೂಕಿ ಇಡೀ ಸಾಲನ್ನೇ ಮಡಚಿಹಾಕುವದು.

ಇಳುಕಲಿನಲ್ಲಿ ಟ್ರೇಲರುಗಳಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ೧೦ ಟನ್ನಿನ ನೂಕನ್ನು ೨ ಟನ್ನಿನ ಟ್ರ್ಯಾಕ್ಟರೇ ತಡೆಯಬೇಕಾಗುತ್ತದೆ. ಆದುದರಿಂದ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬಂದಿರಬೇಕು. ಗೇರು ಬಿಟ್ಟು ಹರಿಯಬಿಡುವದು ಆತ್ಮಘಾತಕ್ಕೆ ಸಮಾನ. ಹೊಲದಲ್ಲಿ ಬಿಡಿಯಾಗಿ ಉಪಯೋಗಿಸುವ ಎಡ ಬಲ ಬ್ರೇಕಿನ ಎರಡು ಮೆಟ್ಟುಗಳನ್ನು ರಸ್ತೆಗೆ ಬರುವ ಮೊದಲು ಒಂದಾಗಿ ಜೋಡಿಸಲೇಬೇಕು. ಒಂದನ್ನೇ ಮೆಟ್ಟಿದರೆ ಟ್ರ್ಯಾಕ್ಟರು ಒಂದೇ ಮಗ್ಗುಲಿಗೆ ತಿರುಗುವದು, ಹಿಂದಿನ ಭಾರವು ಅದನ್ನು ಉರುಳಿಸುವದು.

೭. ಎತ್ತರ ಮತ್ತು ವೇಗ

ಮುಂದು ಹಿಂದಿನ ಹಂಚಿಕೆಯಂತೆ ಮೇಲು ಕೆಳಗಿನ ಹಂಚಿಕೆಯೂ ಉಂಟು. ಟ್ರೇಲರಿನ ಎರಡು ಗಾಲಿಗಳ ನಡುವೆ ೧.೬ ಮೀಟರು ಅಗಲವಿದ್ದು, ಹೊರೆಯ ನಡುವು ನೆಲದಿಂದ ೧.೬ ಮೀಟರು ಎತ್ತರದಲ್ಲಿದ್ದರೆ, ಒಂದು ಗಾಲಿಯು ಇನ್ನೊಂದಕ್ಕಿಂತ ಸುಮಾರು ೭೦ ಸೆಂಟಿಮೀಟರು ಕೆಳಗಿಳಿದಾಗ ಅದು ಮಗುಚುವ ಅಂಚಿಗೆ ಬರುವದು. ಕಬ್ಬನ್ನು ಇನ್ನೂ ಎತ್ತರಕ್ಕೆ ಒಟ್ಟಿ ಹೊರೆಯ ನಡುವನ್ನು ೨ ಮೀಟರಿಗೆ ಏರಿಸಿದರೆ ೬೦ ಸೆಂಟಿಮೀಟರಿಗೇ ಆ ಅಂಚು ಬರುವದು. ಇದು ಹೊರೆ ಕದಲದೆ, ಟೈರು ಕುಸಿಯದೆ, ಟ್ರೇಲರು ನಿಂತೇ ಇದ್ದಾಗಿನ ಲೆಕ್ಕ. ನಡೆಯುವ ಟ್ರೇಲರಿಗೆ ಇದಕ್ಕಿಂತ ಬಹಳ ಕಡಿಮೆ ತಗ್ಗು ಸಾಕು.

ತಿರುವಿನಲ್ಲಿ ಮಗುಚಲು ತಗ್ಗೂ ಬೇಕಾಗಿಲ್ಲ. ೧೨ ಮೀಟರು ತ್ರಿಜ್ಯದ ತಿರುವನ್ನು ತಾಸಿಗೆ ೨೫ ಕಿಲೋಮೀಟರು ವೇಗದಿಂದ ತಿರುಗಿದರೆ, ೨ ಮೀಟರು ಎತ್ತರದ ಆ ಹೊರೆಯು ಸಪಾಟು ರಸ್ತೆಯಲ್ಲಿಯೇ ಮಗುಚುವ ಮೇರೆಯನ್ನು ಮುಟ್ಟುವದು. ವೇಗವನ್ನು ೧೫ಕ್ಕೆ ಇಳಿಸಿದರೆ ಹೊರಕ್ಕೆ ನೂಕುವ ಬಲವು ಸುಮಾರು ಮೂರರಲ್ಲೊಂದಕ್ಕೆ ಇಳಿಯುವದು. ತಿರುವಿನಲ್ಲಿ ನಿಧಾನ ಮಾಡಿದುದರಿಂದ ಒಂದು ಖೇಪಿಗೆ ಕಳೆಯುವದು ಕೆಲವೇ ನಿಮಿಷಗಳು.

ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರೂ ಮಕ್ಕಳೂ ಹೊರೆಯ ಮೇಲೆ ಕುಳಿತು ಪ್ರಯಾಣ ಮಾಡುವದನ್ನೂ, ಹುಡುಗರು ಕೊಂಡಿಯ ಮೇಲೆ ನಿಲ್ಲುವದನ್ನೂ ಭೂಮಾಲಿಕರು ಕಂಡೂ ಕಾಣದಂತಿರಬಾರದು. ಟ್ರೇಲರು ಮಗುಚಿದಾಗ ಚಾಲಕನಿಗಿಂತ ಮೊದಲು ಹೊರೆಯ ಅಡಿಯಲ್ಲಿ ಸಿಕ್ಕುವವರು ಇವರೇ. ಅವರು ಪರಸ್ಥಳದಿಂದ ದುಡಿಯಲು ಬಂದವರು. ಯಾರ ಕಬ್ಬು ಕಡಿಯುವರೋ ಅವರ ಆಸರೆಯಲ್ಲಿರುವವರು.

೮. ಗ್ರಾಮದ ಮುಖಂಡರ ಮತ್ತು ಭೂಮಾಲಿಕರ ಕರ್ತವ್ಯ

ಚಾಲಕನೊಬ್ಬನಿಂದಲೇ ಇದೆಲ್ಲ ಆಗುವಂಥದಲ್ಲ. ಹೊಲದಿಂದ ರಸ್ತೆಗೆ ಏರುವ ದಾರಿಯನ್ನು ಸರಿಪಡಿಸುವದು ಊರವರ ಕೈಯಲ್ಲಿದೆ. ರಸ್ತೆಯು ಹೊಲಕ್ಕಿಂತ ೧ ಮೀಟರು ಎತ್ತರವಿದ್ದು ದಾರಿಯು ೧೦ ಮೀಟರಿನಲ್ಲಿ ಏರಿದರೆ ೧೦ ಟನ್ನ ಎಳೆಯಲು ೧,೪೦೦ ಕಿಲೋಗ್ರಾಂ ಜಗ್ಗು ಬೇಕು; ಅದೇ ಏರನ್ನು ೨೦ ಮೀಟರಿಗೆ ಉದ್ದಮಾಡಿದರೆ ೯೦೦ ಸಾಕು. ಹಂಗಾಮಿನ ಮೊದಲು ನಾಲ್ಕು ಟ್ರೇಲರು ಮುರಮು ಹಾಕಿಸಿದರೆ ಎಷ್ಟೋ ಟ್ರ್ಯಾಕ್ಟರುಗಳ ಮುಂಗಾಲಿಗಳು ನೆಲದ ಮೇಲೆಯೇ ಉಳಿಯುವವು. ಕಾಲುವೆಯ ಒಡ್ಡಿನ ಮೇಲಿನ ಕಿರಿದಾದ ತಿರುವುಗಳನ್ನು ಅಗಲ ಮಾಡುವದು, ಕುಸಿದ ಅಂಚುಗಳಿಗೆ ಕಲ್ಲು ನೆಟ್ಟು ಸುಣ್ಣ ಬಳಿಯುವದು, ಕೆಟ್ಟುನಿಂತ ಟ್ರೇಲರುಗಳು ರಾತ್ರಿಯಲ್ಲಿ ದೀಪವಿಲ್ಲದೆ ರಸ್ತೆಯಲ್ಲಿರದಂತೆ ನೋಡಿಕೊಳ್ಳುವದು, ಪ್ರತಿ ಟ್ರೇಲರಿನ ಹಿಂದೆಯೂ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಅಂಟಿಸುವದು ಎಂಬಿವೂ ಇದೇ ವರ್ಗದ ಕೆಲಸಗಳು.

ಭೂಮಾಲಿಕನು ಸಾಗಾಟದವನೊಡನೆ ಮಾತು ಮುಗಿಸುವಾಗ ಟನ್ನಿನ ದರವನ್ನಷ್ಟೇ ಕೇಳದೆ, ಟ್ರೇಲರಿಗೆ ಎಷ್ಟು ಹೇರತಕ್ಕದ್ದು, ಕಾಟಾದ ಪರೀಕ್ಷೆ ಆಗಿದೆಯೋ ಇಲ್ಲವೋ, ಚಾಲಕನಿಗೆ ನಿದ್ರೆ ಸಿಕ್ಕಿದೆಯೋ ಇಲ್ಲವೋ ಎಂಬಿವನ್ನೂ ಕೇಳಬೇಕು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೧೩ನೇ ಕಲಮಿನ ಪ್ರಕಾರ ನೋಂದಣಿಯಲ್ಲಿ ಬರೆದ ತೂಕವನ್ನು ಮೀರಿ ಹೇರುವದು ನಿಷಿದ್ಧವಾಗಿದೆ. ೨೦೧೯ರ ತಿದ್ದುಪಡಿಯಾದ ಮೇಲೆ ೧೯೪ನೇ ಕಲಮಿನ ಮೇರೆಗೆ ಇದಕ್ಕೆ ೨೦,೦೦೦ ರೂಪಾಯಿ ದಂಡವೂ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ ೨,೦೦೦ ರೂಪಾಯಿಯೂ ನಿಗದಿಯಾಗಿವೆ. ಇಲ್ಲಿ ಹೇಳಿದ ಹಂಚಿಕೆಯ ಉಪಾಯಗಳು ಹೆಚ್ಚು ಹೇರಲು ಕೊಟ್ಟ ಪರವಾನಗಿಯೆಂದು ಯಾರೂ ತಿಳಿಯಬಾರದು. ನಿಯಮಿತವಾದ ಭಾರವನ್ನು ಸರಿಯಾಗಿ ಕೂಡ್ರಿಸುವದೇ ಇವುಗಳ ಉದ್ದೇಶವಾಗಿದೆ.

ಹಿಂದಿನ ಗಾಡಿಯವನು ಹೊರಡುವ ಮುಂಚೆ ನೊಗವನ್ನು ಎತ್ತಿ ನೋಡುತ್ತಿದ್ದನು. ಟ್ರ್ಯಾಕ್ಟರಿನ ಕೊಂಡಿಯನ್ನು ಕೈಯಿಂದ ಎತ್ತಲಾಗದು. ಅದಕ್ಕಾಗಿ ಕಾಟಾ ಇದೆ. ಪ್ರತಿಯೊಂದು ಗ್ರಾಮದಲ್ಲಿಯೂ ಹಂಗಾಮಿನ ಆರಂಭಕ್ಕೆ ಮುಖಂಡರು ಟ್ರ್ಯಾಕ್ಟರು ಮಾಲಿಕರನ್ನೂ ಚಾಲಕರನ್ನೂ ಒಂದು ದಿನ ಕೂಡಿಸಿ, ಒಂದು ಟ್ರ್ಯಾಕ್ಟರನ್ನು ಎಲ್ಲರೆದುರಿಗೆ ಮೇಲೆ ಹೇಳಿದ ನಾಲ್ಕು ರೀತಿಯಲ್ಲಿ ತೂಗಿಸಿ ತೋರಿಸಿದರೆ, ನೋಡಿದವರು ತಮ್ಮ ತಮ್ಮವುಗಳನ್ನು ತಾವಾಗಿಯೇ ತೂಗಿಸಿಕೊಳ್ಳುವರು. ಈ ಪರೀಕ್ಷೆಗೆ ತಗಲುವದು ಅರ್ಧ ತಾಸಿನ ವೇಳೆ ಮತ್ತು ಕಾಟಾದ ಅಲ್ಪ ಬಾಡಿಗೆ ಮಾತ್ರ.